ಬಗ್ಗಡ

ಮೂವತ್ತೊಂದು ವರ್ಷ ಹಾಸನದ ಫಿಲ್ಟರ್ ಹೌಸಿನಲ್ಲಿ
ಆಲಂ ಕದಡಿ, ಮರಳಿಗೆ ಬಿಟ್ಟು,
ಗಾಜಿನ ಕೊಳವೆ ಬೆಳಕಿಗೆ ಹಿಡಿದು
‘ಇನ್ನೂ ಬಗ್ಗಡ’ ಎಂದು
ಹೇಮಾವತಿಯನ್ನೇ ವಾಪಸು ತೊಟ್ಟಿಗೆ ಕಳಿಸಿದವನು ನಾನು.

ಈಗ ಬಿ.ಎಂ. ರಸ್ತೆಯ ಮಹಡಿಯಲ್ಲಿ
ನಮ್ಮ ಜವರಪ್ಪನ ಮಗಳು ಸುಜಯ
ತಾನೇ ಕಾಯಿಸಿ ಹುದುಗಿಸಿದ ಬಿಯರು ತಂದಿಟ್ಟಳು:
ಒಣಹುಲ್ಲಿನ ಬಣ್ಣ, ಲೋಟದಾಚೆಯ ಬೆರಳು ಮಸಕು.
‘ಸೋಸ್ಲಿಲ್ವೇನೇ?’
‘ಸೋಸ್ಬಾರ್ದು ಮಾವ. ಜರ್ಮನಿಯೋರು
ನೆಲಮಾಳಿಗೆ ಪೀಪಾಯಿಂದ ಹೀಗೇ ಇಳಿಸ್ತಾರೆ.
ಐದು ವಾರ ತಣ್ಣಗೆ ಮಲಗಿತ್ತು.
ಆ ಮಬ್ಬಿದೆಯಲ್ಲ, ಅದಕ್ಕಿನ್ನೂ ಜೀವ ಇದೆ.’

ಅಭ್ಯಾಸ. ಟ್ಯೂಬ್‌ಲೈಟಿಗೆ ಹಿಡಿದೆ.
ನಪಾಸು.

ಆಮೇಲೆ ಕುಡಿದೆ.
ನೊರೆ ಮೀಸೆಗೆ. ಹಿಂದೆಯೇ,
ನೈಟ್ ಶಿಫ್ಟು ಮುಗಿಸಿ ಬರುವಾಗ
ಅಯ್ಯಂಗಾರ್ ಬೇಕರಿಯ ಹಿಂಬಾಗಿಲಲ್ಲಿ
ಹಿಟ್ಟು ಉಬ್ಬುತ್ತಿದ್ದ ಆ ವಾಸನೆ.
ಗುಳ್ಳೆ ಚುಚ್ಚುವುದಿಲ್ಲ. ಮೆದು, ಒಂಚೂರು ಸಿಹಿ,
ಕೊನೆಗೆ ಎಳೆ ಹಾಗಲದಷ್ಟು ಕಹಿ,
ಹೇಳದೆ ಎದ್ದು ಹೋಗುವಂಥದು.

ಎಷ್ಟು ತೊಟ್ಟಿ ತೊಳೆಸಿದೆ,
ತಳದ್ದೆಲ್ಲ ಚರಂಡಿಗೆ ಬಿಟ್ಟೆ.
‘ತಳದ್ದು ಬಿಡ್ಬೇಡಿ ಮಾವ,
ಲೋಟ ಒಂದ್ಸಲ ತಿರುಗಿಸಿ.’

ತಿರುಗಿಸಿದೆ.
ಜವರಪ್ಪ ಇದ್ದಿದ್ದರೆ
ರಿಜಿಸ್ಟರಿನಲ್ಲಿ ಏನು ಬರೆಯುತ್ತಿದ್ದನೋ.