ಬಾಯಿ ನೋಡಿ ತಗೋ

ಹುಮನಾಬಾದ್ ಬೇಸಿನ ಡಾಂಬರು
ಚಪ್ಪಲಿಗೆ ಮೆತ್ತುವ ಹೊತ್ತಿನಾಗ
ಫರಸಿ ಖಣಿಯ ಟಿಪ್ಪರ್ ಬಂದು ನಿಂತಿತು,
ಬೆನ್ನು ಎತ್ತಲಾರದೆ.
ಡ್ರೈವರ್ ಸಿದ್ರಾಮನ ಹೆಗಲಮ್ಯಾಲ
ಹೊಟ್ಟಿ ಒಡದ ಹೋಸು, ಅಂಗಿ ತುಂಬ ಎಣ್ಣಿ.

“ಮುಕ್ಕಾಲು ಇಂಚಿಂದು ಕೊಡ್ರಿ ಅಕ್ಕಾ.
ಈ ತಿಂಗಳಾಗ ಮೂರನೇದು ಇದು.
ಪೈಪೇ ಖರಾಬ್ ಬರ್ಲತ್ತಾವ.”

ನಾ ಸುರುಳಿ ಬಿಚ್ಚಲಾಕ ಎದ್ದೆ.
ಸ್ಟೂಲಿನ ಮ್ಯಾಲಿಂದ ರುಕ್ಮೋದ್ದೀನ್ ಚಾಚಾ
ಕೈ ಎತ್ತಿದ: ನಿಲ್ಲು.

ಚಾಚಾಗ ಕಿವಿ ಕೇಳಂಗಿಲ್ಲ.
ಇಪ್ಪತ್ತೆರಡು ವರ್ಷ ಕಂಪ್ರೆಸರಿನ ಬಾಜೂಕ ನಿಂತು
ಅಲ್ಲೇ ಬಿಟ್ಟು ಬಂದಾನ.
ಈಗ ಅಂಗೈಲೆ ಕೇಳ್ತಾನ,
ಒಳಗ ಹೊಂಟದ್ದು ಎಣ್ಣಿಯೋ
ಬರೇ ಏದುಸಿರೋ ಅಂತ.

ಹೋಸು ನೋಡಲಿಲ್ಲ ಅವ. ತುದಿ ನೋಡಿದ.
ಪೈಪಿನೊಳಗ ಕಿರುಬೆರಳು ಎರಡು ಗೆಣ್ಣು ಹೋತು;
ಎಲ್ಬೋದಾಗ ಉಗುರಿಗೇ ತಡೀತು.
ಅರ್ಧ ಇಂಚಿನ ಎಲ್ಬೋ,
ಅದಕ್ಕೊಂದು ರೆಡ್ಯೂಸರ್, ಅದರ ಹಿಂದ ಇನ್ನೊಂದು,
ಸೋವಿ ಸಿಕ್ಕಾವಂತ ಸೋಯರೀಕಿ ಬೆಳಸಿದ್ದರು.

ನೆಲದ ಫರಸಿ ಮ್ಯಾಲ ಖಡುಲೆ ಗೀಚಿದ:
ಒಂದು ಉದ್ದಾನ ಬಾಗು, ಮೆಲ್ಲಕ ತಿರುಗೋದು.
ಇನ್ನೊಂದು ಗಲ್ಲಿಯ ಮೂಲಿಯಂಥದ್ದು, ಖಟ್ಟನ ಮುರಿಯೋದು.
ಎರಡನೇದರಾಗ
ಖಡುನೇ ಮುರೀತು. ಚಾಚಾ ನಕ್ಕ.

“ಉದ್ದಂದಕ್ಕ ಮುನ್ನೂರು ಜಾಸ್ತಿ ಆಗ್ತದ,” ನಾ ಅಂದೆ.
“ಮಾಲಕ ಬೈತಾನ್ರೀ.”
“ಒಡದ ಎಣ್ಣಿ ಎಷ್ಟು ಡಬ್ಬಿ ಅಂತ ಕೇಳು ಮಾಲಕಗ.”
ಅವ ಬೆರಳು ಎಣಿಸಿದ. ಸುಮ್ಮನಾದ.

ಆಟಿ ಅಳದೆ. ಇದು ನಾ ರೊಕ್ಕ ಕಳಕೊಂಡು ಕಲ್ತದ್ದು:
ಆಟಿ ಬ್ಯಾರೆ ಇದ್ದರೂ ಎರಡು ಸುತ್ತು ಹೋಗೇ ಹೋಗ್ತದ,
ಕೂಡ್ತು ಅಂತ ಖುಷಿ ಆಗ್ತದ.
ಮೂರನೇ ಸುತ್ತಿಗೆ ಹಟ ಹಿಡಿತದ.
ಅಲ್ಲಿ ಪಾನಾದ ಜೋರು ತೋರಿಸಬಾರದು.
ಬಿಚ್ಚಬೇಕು.

ಫೆರೂಲು ಒತ್ತಿ, ತುದಿ ಒರಸಿ, ಹಾಕಿದಿವಿ.
ಸಿದ್ರಾಮ ಲಿವರ್ ಜಗ್ಗಿದ.
ಚಾಚಾ ಬಾಗಿನ ಬಾಜೂಕ ಅಂಗೈ ಇಟ್ಟು
ಕಣ್ಣು ಮುಚ್ಚಿದ.
ತೊಟ್ಟಿ ಏಳಲತ್ತಿತು, ನಡುಗಲಿಲ್ಲ,
ಒಣ ಫರಸಿ ಚೂರು ಎರಡು ಹಿಂದ ಜಾರಿ ಬಿದ್ದವು.
ಚಾಚಾ ಒಮ್ಮೆ ತಲಿ ಹಾಕಿದ.

ಗಾಡಿ ಹೋದ ಮ್ಯಾಲ
ಆ ಅರ್ಧ ಇಂಚಿನ ಎಲ್ಬೋ ಎತ್ತಿ
ಖಾಲಿ ಡಾಲ್ಡಾ ಡಬ್ಬಿಗೆ ಒಗದ.
ಢಣ್!
ನಾ ಬೆಚ್ಚಿ ಬಿಲ್ಲಿನ ಮ್ಯಾಲ ಗೆರಿ ಎಳದೆ.
ಅವ ಜೇಬಿನಾಗ
ಬೀಡಿ ಹುಡುಕಲತ್ತಿದ್ದ.