ಕೇಳಿತು ಅನ್ನಿ

ಚಪ್ಪಲಿ ಬಿಡಬೇಡಿ. ಇದು ಗುಡಿಯಲ್ಲ.
ರಂಗಕ್ಕೆ ಕೈಮುಗಿಯುವವರು ಮುಗಿಯಿರಿ, ಬೇಡ ಅನ್ನಲಾರೆ,
ಆದರೆ ಶೂ ಹಾಕಿಕೊಂಡೇ ಮುಗಿಯಿರಿ.
ಹಲಗೆಗಳ ಸಂದಿಯಲ್ಲಿ ಮೊಳೆ ತಲೆಯೆತ್ತಿದೆ,
ಭದ್ರಾವತಿಯ ಮೊಳೆ, ಭಕ್ತಿ ನೋಡುವುದಿಲ್ಲ.

ನಾನು ಧರ್ಮೋಜಿ.
ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ
ಕ್ರೇನಿನ ಕೆಳಗೆ ನಿಂತು ಕೈಸನ್ನೆ ಕೊಟ್ಟವನು.
ಮೇಲಿರುವವನಿಗೆ ಕೆಳಗಿನದು ಕಾಣದು,
ಕೆಳಗಿರುವವನು ಮೇಲಿನದು ಮರೆತಿರುತ್ತಾನೆ,
ನಡುವೆ ಐದು ಟನ್ನು ತೂಗುತ್ತಿರುತ್ತದೆ.
ನಾಟಕವೂ ಅಷ್ಟೇ ಅಂತ ಇಲ್ಲಿಗೆ ಬಂದ ಮೇಲೆ ತಿಳಿಯಿತು,
ತೂಕ ಮಾತ್ರ ಕಡಿಮೆ.

ಮೊದಲ ಪಾಠ.
ನಾನು "ಹದಿನೈದು ನಿಮಿಷ" ಅಂದರೆ
ನೀವು "ಹದಿನೈದು, ಕೇಳಿತು" ಅನ್ನಬೇಕು.
ತಲೆಯಾಡಿಸಿದರೆ ಸಾಲದು, ಕತ್ತಲಲ್ಲಿ ತಲೆ ಕಾಣುವುದಿಲ್ಲ.
"ಹ್ಞೂಂ" ಸಾಲದು. ಅದು ಮದುವೆಯಾದವರ ಭಾಷೆ,
ಅದರೊಳಗೆ ಕೇಳಿಸಿಕೊಂಡದ್ದು ಏನೂ ಇರುವುದಿಲ್ಲ.
ಮೀಸೆ ಅಂಟಿಸಿಕೊಳ್ಳುತ್ತಿದ್ದರೂ,
ಐರಿನ್, ಬಾಯಲ್ಲಿ ಪಿನ್ನು ಕಚ್ಚಿಕೊಂಡಿದ್ದರೂ,
ಪಿನ್ನು ತೆಗೆದು ಅನ್ನು. ಕೇಳಿತು.

ಎರಡನೆಯದು "ತಲೆ!"
ಮೇಲಿಂದ ಏನು ಜಾರಿದರೂ,
ಸ್ಪ್ಯಾನರ್, ದೀಪ, ಅರ್ಧ ತಿಂದ ಬಾಳೆಹಣ್ಣು,
ಜಾರಿಸಿದವನೇ ಕೂಗಬೇಕು. ನಾಚಿಕೆ ಆಮೇಲೆ.
ಕೆಳಗಿದ್ದವರು ಕತ್ತೆತ್ತಬಾರದು.
ಎತ್ತಬೇಕು ಅನ್ನಿಸುತ್ತದೆ, ಮನುಷ್ಯರಲ್ಲವೇ.
ಮುಖ ತಗ್ಗಿಸಿ, ಕೈ ತಲೆಮೇಲೆ, ಪಕ್ಕಕ್ಕೆ.
ಈ ಹುಬ್ಬಿನ ಗುರುತು ನೋಡಿ:
ನಾನು ಕತ್ತೆತ್ತಿದವನು.

ಮೂರನೆಯದು "ನಿಲ್ಲಿ."
ಚಹಾ ತಂದ ಹುಡುಗ ಅಂದರೂ
ರಾಜ ನಿಲ್ಲಬೇಕು, ನಿರ್ದೇಶಕ ನಿಲ್ಲಬೇಕು.
ಯಾಕೆ ಅಂತ ನಿಂತ ಮೇಲೆ ಕೇಳಿ.

ಹೋದ ವರ್ಷದವರೆಗೆ ಪಾಠ ಇಷ್ಟೇ ಇತ್ತು.
ಆಮೇಲೆ ವೇಲು ಬಂದ.
ಪೇಪರ್‌ಟೌನಿನ ಹುಡುಗ, ಹಗ್ಗ ಬಲ್ಲ ಕೈ,
ಅವನು ಹಾಕಿದ ಗಂಟು ಬಿಚ್ಚಲು ಅವನೇ ಬೇಕು.
ಮಾತು ಮಾತ್ರ ತಡವರಿಸುತ್ತಿತ್ತು.
ನಾಲಗೆ ಹಲ್ಲಿನ ಹಿಂದೆ ಸಿಕ್ಕಿಬಿದ್ದು
ನಿ, ನಿ, ನಿ ಅಂತ
ಆರು ಎಣಿಸುವಷ್ಟು ಹೊತ್ತು.
ಬೀಳುವ ದೀಪ ಒಂದೇ ಎಣಿಸುತ್ತದೆ.

ಟಿಕೆಟ್ಟಿಗೆ ಕೂರಿಸಿ ಅವನನ್ನು, ಅಂದರು.
ಅಂದವರಲ್ಲಿ ಮೊದಲಿಗ ನಾನೇ, ಬೇಕಾದರೆ ಬರೆದುಕೊಳ್ಳಿ.
ವೇಷಭೂಷಣದ ಚೂಡಾಮಣಿ ಸೂಜಿಗೆ ದಾರ ಪೋಣಿಸುತ್ತಾ
"ಅವನಿಗೆ ಯಾವ ಮಾತು ಸಲೀಸು, ಕೇಳಿದಿರಾ?" ಅಂದಳು.
ಕೇಳಿರಲಿಲ್ಲ.
ಕೇಳಿತು, ಕೇಳಿತು ಎಂದು ವರ್ಷಗಟ್ಟಲೆ ಕಲಿಸಿದವನು.

ಅವನು ಯೋಚಿಸಿ ಹೇಳಿದ: "ಹೋ."
ಕಬ್ಬಿನ ಗಾಡಿಯ ಎತ್ತುಗಳನ್ನು ಅವನ ತಾತ ನಿಲ್ಲಿಸುತ್ತಿದ್ದದ್ದು ಹಾಗೆ.
ಬರೀ ಉಸಿರು, ಸಿಕ್ಕಿಬೀಳಲು ಜಾಗವೇ ಇಲ್ಲ.
ಆ ನಾಟಕಕ್ಕೆ ಎಲ್ಲರದ್ದೂ "ಹೋ" ಆಯಿತು.
ವಾರವಿಡೀ ತಾಲೀಮಿನಲ್ಲಿ ಎತ್ತುಗಳ ಹಾಗೆ ನಿಂತೆವು,
ನಕ್ಕೆವು, ಮತ್ತೆ ನಿಂತೆವು.

ಮೂರನೇ ಪ್ರದರ್ಶನ. ರಾಜ ಸಾಯುವ ದೃಶ್ಯ.
ಪರದೆಯ ತೊಲೆ ಹಿಡಿದಿದ್ದ ಎಡಗಡೆಯ ಹಗ್ಗ
ಎಳೆ ಎಳೆಯಾಗಿ ಬಿಡುತ್ತಿದ್ದದ್ದು
ವೇಲುವಿಗೊಬ್ಬನಿಗೇ ತಿಳಿಯಿತು, ಅಂಗೈಯಲ್ಲಿ.
"ಹೋ!"
ಸತ್ತ ರಾಜ ಎದ್ದು ಓಡಿದ.
ರಾಣಿ ಅಳುವನ್ನು ಅಲ್ಲಿಗೇ ಬಿಟ್ಟು ಹಿಂದೆ ಸರಿದಳು.
ತೊಲೆ ಸಿಂಹಾಸನದ ಒಂದು ತೋಳು ಮುರಿದು
ರಾಜ ಮಲಗಿದ್ದಲ್ಲೇ ಮಲಗಿತು.

ಜನ ಚಪ್ಪಾಳೆ ತಟ್ಟಿದರು.
ಮುಂದಿನ ಸಾಲಿನಲ್ಲಿ ಯಾರೋ "ಹೊಸ ಬಗೆಯ ಅಂತ್ಯ" ಅಂದರಂತೆ.
ನಾನು ತಲೆ ಎಣಿಸಿದೆ. ಹದಿನಾಲ್ಕು.
ಮತ್ತೆ ಎಣಿಸಿದೆ. ಹದಿನಾಲ್ಕೇ.
ಆಗ ಆ ಧೂಳಿನೊಳಗಿಂದ, ಯಾರೂ ಹೇಳಿಕೊಡದೆ,
ಒಬ್ಬೊಬ್ಬರಾಗಿ, ಆ ಹುಡುಗನಿಗೆ:
ಕೇಳಿತು.
ಕೇಳಿತು.
ರಾಜನ ದನಿ ಮಾತ್ರ ನಡುಗುತ್ತಿತ್ತು. ಕೇಳಿತು, ವೇಲು.

ಸರಿ.
ಬೆಂಕಿ ಆರಿಸುವ ಸಿಲಿಂಡರ್ ಇಲ್ಲಿದೆ, ಇದಕ್ಕೆ ಶಾಲು ನೇತುಹಾಕಬೇಡಿ.
ಹೊರಬಾಗಿಲು ಇದು, ಚಿಲಕ ಎಡಕ್ಕೆ,
ಕಣ್ಣು ಮುಚ್ಚಿ ಒಮ್ಮೆ ತೆಗೆದು ನೋಡಿ.
ಈಗ ಒಬ್ಬೊಬ್ಬರೇ ಮುಂದೆ ಬನ್ನಿ.
ಹೆಸರು ಆಮೇಲೆ ಕೇಳುತ್ತೇನೆ.
ಹೆದರಿದಾಗ ನಿಮ್ಮ ಬಾಯಿಗೆ ಮೊದಲು ಬರುವ ಮಾತು ಯಾವುದು,
ಅದನ್ನು ಹೇಳಿ.