ಕ್ಯಾಮೆರಾ ಕೊಳ್ಳಾಕ ಬಂದಾಕಿಗೆ ಕಿಲ್ಲೇದಾರ ಹೇಳಿದ್ದು

ಕುಂಡ್ರು ತಂಗೀ. ಆ ಸ್ಟೂಲಿಗೆ ಒಂದು ಕಾಲು ಗಿಡ್ಡ ಐತಿ, ನೋಡಿ ಕುಂಡ್ರು.
ಕೂಸಿನ್ನ ಬಿಡು, ಆಡಲಿ. ಮುರಿಯೂವಂಥಾದ್ದು
ಇಲ್ಲೇನೂ ಉಳದಿಲ್ಲ.

ಇದ ನೋಡು ನಾ ಹೇಳಿದ್ದು.
ಹದಿನಾಲ್ಕು ವರ್ಷ ಬೆಟಗೇರಿಯ
ಮದಿವಿ, ಕುಬಸ, ತೊಟ್ಟಲಾ ಎಲ್ಲಾ ನುಂಗೈತಿ.
ಹುಬ್ಬಳ್ಳಿ ಅಂಗಡಿಗೆ ಹೋದ್ರ
ಮೊಳಾ ಉದ್ದದ ಲೆನ್ಸ್ ತೋರಸ್ತಾರ.
ಕಪ್ಪತಗುಡ್ಡದ ಹದ್ದು ಹಿಡೀತಿಯೇನು ನೀ?
ಈ ಗಿಡ್ಡಂದು ಸಾಕು, ಐವತ್ತರದು.
ಜೂಮ್ ಇಲ್ಲ ಇದಕ್ಕ. ನಿನ್ನ ಕಾಲೇ ಜೂಮು:
ಹತ್ರ ಬೇಕಾದ್ರ ಹತ್ರ ಹೋಗು.

ಮನೀ ಬಾಗಲಾ ಯಾವ ದಿಕ್ಕಿಗೈತಿ?
ಮೂಡಲಕ್ಕ? ಬೇಷಾತು.
ಎಳಿಬಿಸಲು ಇರೂತನಾ ಹೊಸ್ತಿಲದಾಗ ಆಡಲಿ.
ನಿಮ್ಮ ಮಾವನ ಧೋತರಾ ಒಣಗಹಾಕತೀರಲ್ಲ,
ಅದನ್ನ ಈ ಕಡೆ ಸರಿಸು.
ಆ ಬಿಳುಪು ಹೊಳ್ಳಿ ಬಂದು
ಗಲ್ಲದ ಕೆಳಗಿನ ಕತ್ತಲಾ ಒರಸತೈತಿ.
ಎಪ್ಪತ್ತು ರೂಪಾಯಿ ಧೋತರಾ, ಏಳು ಸಾವಿರದ ಲೈಟಿನ ಕೆಲಸಾ.

ಫ್ಲ್ಯಾಶ್ ಬ್ಯಾಡ.
ಮಲಗಿದ ಕೂಸಿನ ಮಾರಿಗೆ ಬ್ಯಾಟರಿ ಬಿಡತಿಯೇನು?

ಮೊಳಕಾಲೂರು. ಸೀರಿ ಹೊಲಸಾಗಲಿ.
ನಿಂತು ತಗದ್ರ ಬರೇ ನೆತ್ತಿ ಬರತೈತಿ.
ನಾ ಮೂವತ್ತು ವರ್ಷ ಊರೀನಿ,
ಚಿಪ್ಪು ಈಗ ಕಟಕಟ ಅಂತಾವು,
ನಮಾಜಿಗೂ ಖುರ್ಚಿ ಬೇಕು.

ನಗು ಅನಬ್ಯಾಡ. ನಗು ಅಂದ್ರ ಮಕ್ಕಳು
ಡಾಕ್ಟರಗ ಹಲ್ಲು ತೋರಿಸಿದಂಗ ತೋರಸ್ತಾವು.
ಏನರೆ ಕೇಳು.
ಇರಿವಿ ರಾತ್ರಿ ಎಲ್ಲಿ ಮಲಗತಾವು, ಕೇಳು.
ಉತ್ತರಾ ಹುಡುಕೂವಾಗ ಒಂದು ಮಾರಿ ಬರತೈತಿ,
ಒಂದ ಸರ್ತಿ. ಆಗ ಒತ್ತು.

ಓಡೂವಾಗ ಶಟರು ಐನೂರರ ಮ್ಯಾಲಿರಲಿ.
ಮರತಿ? ಮರೀ.
ಅಲುಗಾಡಿದ್ದು ಬಂದ್ರ ಅಳಸಬ್ಯಾಡ,
ಆ ವಯಸ್ಸ ಹಂಗಿತ್ತು ಅಂತ ಆಮ್ಯಾಲ ತಿಳೀತೈತಿ.

ಇನ್ನೊಂದು ಬ್ಯಾಟರಿ ಈ ಡಬ್ಬ್ಯಾಗ ಇರಬೇಕು...
ಅಲ್ಲ. ಇದು ಬ್ಯಾರೆ.

ನೋಡಿದ್ಯಾ? ನೋಡು ಮತ್ತ.
ಬಾಂಡಿಗೆ, ಅಂಗನವಾಡಿಗೆ, ಪಾಸ್‌ಬುಕ್ಕಿಗೆ
ಮೂರು ತಿಂಗಳ ಕೂಸಿನ ಫೋಟೋ ಕೇಳತಾರ.
ಕುತ್ತಿಗೀನ ನಿಂತಿರೂದಿಲ್ಲ, ಕುಂಡರಸೂದು ಹೆಂಗ?
ಅವ್ವನ್ನ ಬಿಳಿ ಪರದೆ ಹಿಂದ ಕುಂಡರಸತಿದ್ದೆ.
ಪರದೆ ಸೀಳಿನಾಗಿಂದ ಎರಡು ಕೈ,
ಕೂಸಿನ ಬಗಲಾಗ.
ಆಮ್ಯಾಲ ಕತ್ತರಿ.
ಆಫೀಸಿನವರಿಗೆ ಮಾರಿ ಬೇಕು, ಕೈ ಬ್ಯಾಡ.

ನಮ್ಮೂರ ಪ್ರೆಸ್ಸಿನವರು ಅಂಚು ಕೊಯ್ದು ರದ್ದಿಗೆ ಹಾಕತಾರ.
ಇವನ್ನ ಹಾಕಾಕ ನನಗ ಕೈ ಬರಲಿಲ್ಲ.

ಇದು ಹಸರ ಬಳಿ, ಹೊಸಾದಾಗಿ ಇಟ್ಟದ್ದು.
ಇದಕ್ಕ ಬಳೀನ ಇಲ್ಲ.
ಇದು ಮಗ್ಗದ ಮನ್ಯಾಕಿ, ಉಗರಾಗ ನೀಲಿ ಬಣ್ಣ.
ಇದು ಹಂಚು ಸುಟ್ಟ ಕಲಿ.
ಇದಕ್ಕ ಆರು ಬೆರಳು, ಕಾಣದಂಗ ತಗೀರಿ ಅಂದಿದ್ಲು,
ಕಾಣದಂಗ ಕೊಯ್ದೆ. ಕಾಣೂವಂಗ ಇಟ್ಟೀನಿ.

ಹಿಂದ ಯಾರ ಹೆಸರೂ ಬರದಿಲ್ಲ.
ಆ ಕೂಸುಗಳು ಈಗ ಮುಳಗುಂದ ನಾಕಾದಾಗ
ಒಂದು ಗಾಡಿ ಮ್ಯಾಲ ಮೂರು ಮಂದಿ ಹೋಗತಾವು.
ನನ್ನ ಗುರುತಿಲ್ಲ ಅವಕ್ಕ. ಕೈಯಿನ ಗುರುತು?
ಅದು ನನಗೇನು ಗೊತ್ತು.

ನೀ ಕತ್ತರಸಬ್ಯಾಡ ತಂಗೀ, ಇಷ್ಟ ಹೇಳತೀನಿ.
ಮೂಲ್ಯಾಗ ನಿನ್ನ ಸೆರಗು ಬಂತು, ಬರಲಿ.
ಗಂಡನ ಹೆಬ್ಬಟ್ಟು ಲೆನ್ಸಿಗೆ ಅಡ್ಡ ಬಂತು,
ಅದೂ ಇರಲಿ, ಬೈಯಿ, ಆದ್ರ ಇಡು.

ರೇಟು? ಆರು ಸಾವಿರ.
ಐದೂವರಿ ಕೊಡು. ಬ್ಯಾಟರಿ ಸಿಗಲಿಲ್ಲಲ್ಲ.

ಅಯ್ಯ, ಡಬ್ಬಿ ಎಲ್ಲಿ ಹೋತು?
ಏನು ಹೆಸರಂದಿ, ಮುಕ್ತಾ? ನೋಡು ನಿನ್ನ ಮುಕ್ತಾನ್ನ,
ಎಲ್ಲಾ ಚೂರೂ ನೆಲಕ್ಕ ಹರವ್ಯಾಳ,
ಎರಡೆರಡು ಹಚ್ಚಿ ಜೋಡಿ ಮಾಡಾಕತ್ತಾಳ,
ಎಡಗೈ ಯಾರದೋ, ಬಲಗೈ ಯಾರದೋ.

ತಡಿ, ಬೈಯಬ್ಯಾಡ. ಕರೀಬ್ಯಾಡ.
ಬಾಗಲದ ಬೆಳಕು ಆ ಕಡಿಂದ ಐತಿ.
ಮುಚ್ಚಳಾ ತಗಿ, ಹಿಡಿ, ಮೊಳಕಾಲೂರು.

ರೊಕ್ಕ ಆಮ್ಯಾಲ.